ಕ್ರ್ಯಾಬ್ ಸ್ಟಿಕ್, ಡಬ್ಬಿ ಏಡಿ, ತಾಜಾ ಏಡಿ: ಯಾವುದಕ್ಕೆ ಯಾವುದು?

ಮೊದಲೇ ತಿಳಿದಿರಲಿ: ಕ್ರ್ಯಾಬ್ ಸ್ಟಿಕ್ ಏಡಿಯಲ್ಲ. ಅಲಾಸ್ಕಾ ಪೊಲಾಕ್‌ನಂಥ ಬಿಳಿ ಮೀನಿನ ಮಾಂಸವನ್ನು ಅರೆದು, ತೊಳೆದು ಮಾಡುವ ಸುರಿಮಿಗೆ ಪಿಷ್ಟ, ಮೊಟ್ಟೆಯ ಬಿಳಿ, ಸಕ್ಕರೆ, ಏಡಿಯ ಪರಿಮಳ ಸೇರಿಸಿದ್ದು. ಅಂಚಿನ ಕೆಂಪು ಬರೀ ಬಣ್ಣ.

ಖರ್ಚಿನಲ್ಲಿ ಸ್ಟಿಕ್ ಸಾಮಾನ್ಯವಾಗಿ ಅಗ್ಗ. ತಾಜಾ ಏಡಿಯ ಬೆಲೆ ನೋಡಿ ಮೋಸಹೋಗಬೇಡಿ. ಕಿಲೋ ಏಡಿ ಬಿಡಿಸಿದರೆ ಸಿಗುವ ಮಾಂಸ ಕಾಲು ಕಿಲೋ ಆಸುಪಾಸು, ಜೊತೆಗೆ ಅರ್ಧ ಗಂಟೆಯ ಕೆಲಸ. ಡಬ್ಬಿಯದಕ್ಕೆ ಆ ರಗಳೆಯಿಲ್ಲ. ಉಪ್ಪುನೀರು ಸೋಸಿ, ಹಿಂಡಿ ಹಾಕಿದರಾಯಿತು.

ಅಡುಗೆಯಲ್ಲೇ ನಿಜವಾದ ವ್ಯತ್ಯಾಸ. ಸ್ಟಿಕ್ ಆಗಲೇ ಬೆಂದಿರುತ್ತದೆ. ಸಲಾಡ್, ಕಿಂಬಾಪ್ (ಕೊರಿಯಾದ ಅನ್ನದ ಸುರುಳಿ), ಕ್ಯಾಲಿಫೋರ್ನಿಯಾ ರೋಲ್‌ಗೆ (ಸುಶಿಯ ಒಂದು ಬಗೆ) ಹೆಪ್ಪುಗಟ್ಟಿದ ಸ್ಟಿಕ್ಕನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಸೀಳಿ ಹಾಕಿ. ನೂಡಲ್ಸ್‌ಗಾದರೆ ಒಲೆ ಆರಿಸುವ ಒಂದು ನಿಮಿಷ ಮೊದಲು. ಹೆಚ್ಚು ಕುದಿಸಿದರೆ ಎಳೆ ಬಿಟ್ಟು, ರಬ್ಬರಿನಂತಾಗುತ್ತದೆ. ಏಡಿ ಸುಕ್ಕಕ್ಕೆ ಅದನ್ನು ಹಾಕಲೇಬೇಡಿ: ಚಿಪ್ಪಿನಿಂದ ಇಳಿಯುವ ರಸವಿಲ್ಲದೆ ತೆಂಗಿನ ಮಸಾಲೆ ಬರೀ ಸಿಹಿಯಾಗುತ್ತದೆ. ಅಲ್ಲಿ ತಾಜಾ ಏಡಿಯೇ ಬೇಕು. ಕಟ್ಲೆಟ್‌ಗೆ ಡಬ್ಬಿಯದು ಸಾಕು, ಆದರೆ ನೀರು ಉಳಿದರೆ ಎಣ್ಣೆಯಲ್ಲಿ ಒಡೆಯುತ್ತದೆ.

ಚಿಪ್ಪುಜೀವಿಗಳ ಅಲರ್ಜಿ ಇರುವವರಿಗೆ ಸ್ಟಿಕ್ ಸುರಕ್ಷಿತವೆಂದು ಬಗೆಯುವುದು ತಪ್ಪು. ಹಲವು ಬ್ರ್ಯಾಂಡ್‌ಗಳಲ್ಲಿ ನಿಜವಾದ ಏಡಿಯ ಸಾರವಿರುತ್ತದೆ. ಗೋಧಿ, ಮೊಟ್ಟೆಯೂ ಇರಬಹುದು. ಪೊಟ್ಟಣದ ಪಟ್ಟಿ ಓದಿ.

ಸ್ಟಿಕ್‌ನ ತೆರೆದ ಪೊಟ್ಟಣವನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ತೆರೆದ ಡಬ್ಬಿಯ ಮಾಂಸವನ್ನು ಬೇರೆ ಪಾತ್ರೆಗೆ ಹಾಕಿಡಿ.