ಗಿಟ್‌ಗೆ ಯಾವ ಆ್ಯಪ್: ಗಿಟ್‌ಹಬ್ ಡೆಸ್ಕ್‌ಟಾಪ್, ಸೋರ್ಸ್‌ಟ್ರೀ, ಇಲ್ಲಾ ಗಿಟ್‌ಕ್ರಾಕನ್?

ಹುಬ್ಬಳ್ಳಿ ವಿದ್ಯಾನಗರದಲ್ಲಿ ಚಹಾ ಕುಡಿಯುವಾಗ ಗಿಟ್ (ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಬಗ್ಗೆ ತಮ್ಮನ ಗೆಳೆಯ ಕೇಳಿದ: "ಅಣ್ಣಾ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯೋದು ಬೇಡ. ಯಾವ ಆ್ಯಪ್ ಹಾಕಿಕೊಳ್ಳಲಿ?"

ಮೊದಲು ನಿನ್ನ ಲ್ಯಾಪ್‌ಟಾಪ್ ನೋಡು ಅಂದೆ. ಉಬುಂಟು (ಲಿನಕ್ಸ್) ಇದ್ದರೆ ಮೂರರಲ್ಲಿ ಗಿಟ್‌ಕ್ರಾಕನ್ ಒಂದೇ ಗತಿ. ಉಳಿದ ಎರಡೂ ಅಧಿಕೃತವಾಗಿ ವಿಂಡೋಸ್, ಮ್ಯಾಕ್‌ಗೆ ಮಾತ್ರ.

ದುಡ್ಡಿನ ಮಾತು. ಗಿಟ್‌ಹಬ್ ಡೆಸ್ಕ್‌ಟಾಪ್, ಸೋರ್ಸ್‌ಟ್ರೀ ಎರಡೂ ಉಚಿತ. ಗಿಟ್‌ಕ್ರಾಕನ್ ಎಲ್ಲರಿಗೂ ತೆರೆದಿಟ್ಟ ರೆಪೊಗಳಿಗೆ (ಕೋಡ್ ಇಡುವ ಜಾಗಗಳಿಗೆ) ಉಚಿತ. ಆಫೀಸಿನ ಖಾಸಗಿ ರೆಪೊ ಆದರೆ ಚಂದಾ ಕಟ್ಟಬೇಕು.

ಕಲಿಯೋದಕ್ಕೆ ಗಿಟ್‌ಹಬ್ ಡೆಸ್ಕ್‌ಟಾಪ್ ಸಲೀಸು. ಎಡಕ್ಕೆ ಬದಲಾದ ಫೈಲುಗಳು, ಬಲಕ್ಕೆ ತೆಗೆದ-ಸೇರಿಸಿದ ಸಾಲುಗಳು ಕೆಂಪು-ಹಸಿರಲ್ಲಿ, ಕೆಳಗೆ ಬದಲಾವಣೆ ದಾಖಲಿಸುವ ಕಮಿಟ್ ಬಟನ್. ನಾನೊಮ್ಮೆ ಪಾಸ್‌ವರ್ಡ್ ಇದ್ದ ಫೈಲನ್ನೇ ಸುಮ್ನೆ ಕಮಿಟ್ ಮಾಡಿಬಿಟ್ಟಿದ್ದೆ. ಪುಶ್ ಮಾಡಿ ಸರ್ವರ್‌ಗೆ ಕಳಿಸಿರಲಿಲ್ಲ, ಪುಣ್ಯ. ಕೆಳಗಿದ್ದ 'ಅನ್‌ಡೂ' ಒತ್ತಿದೆ, ಮುಗೀತು.

ಆದರೆ ಹತ್ತು ಬ್ರಾಂಚ್ (ಕೋಡ್‌ನ ಬೇರೆ ಬೇರೆ ಕವಲು) ಹೆಣೆದುಕೊಂಡಿದ್ದರೆ ಅದರಲ್ಲಿ ಕಣ್ಣಿಗೆ ಚಿತ್ರ ಸಿಗೋದಿಲ್ಲ. ಉಳಿದೆರಡು ಬಣ್ಣದ ಗೆರೆಗಳಲ್ಲಿ ಯಾವ ಬ್ರಾಂಚ್ ಎಲ್ಲಿ ಕೂಡಿತು ಅಂತ ತೋರಿಸುತ್ತವೆ. ಸೋರ್ಸ್‌ಟ್ರೀಯಲ್ಲಿ ಬಟನ್ ಜಾಸ್ತಿ, ಮೊದಲ ವಾರ ತಲೆ ಕೆಡುತ್ತದೆ. ಆದರೆ ಕೋಡ್ ಬಿಟ್‌ಬಕೆಟ್‌ನಲ್ಲಿದ್ದರೆ (ಕೋಡ್ ಇಡುವ ಜಾಲತಾಣ) ಅದೇ ಹೊಂದುತ್ತದೆ, ಎರಡೂ ಅಟ್ಲಾಸಿಯನ್ ಕಂಪನಿಯವೇ ಅಲ್ವಾ. ಗಿಟ್‌ಕ್ರಾಕನ್ ನೋಡೋಕೆ ಚೆಂದ, ಬ್ರಾಂಚನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟು ಮರ್ಜ್ ಮಾಡಿ ಒಂದಾಗಿಸಬಹುದು. ನನ್ನ ಹಳೇ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಎತ್ತಿನಗಾಡಿ.

ಹುಡುಗನದು ವಿಂಡೋಸ್, ಕಾಲೇಜ್ ಪ್ರಾಜೆಕ್ಟ್, ಇಬ್ಬರೇ ಜನ. ಗಿಟ್‌ಹಬ್ ಡೆಸ್ಕ್‌ಟಾಪ್ ಹಾಕಿಕೊಂಡ. ಚಹಾದ ದುಡ್ಡು ನಾನೇ ಕೊಟ್ಟೆ.