ಟೈಮಿಂಗ್ ಚೈನಿನ ಸದ್ದು ನಿಂತಿತೆಂದು ನೆಮ್ಮದಿಯಾಗಿರಬೇಡಿ

ಬೈಕಿನ ಎಂಜಿನ್ನಿನಿಂದ ಗರಗರ ಸದ್ದು ಬರುತ್ತಿದೆ, ಒಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರನ್ನು ಸ್ವಲ್ಪ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಅದೇ ಮಾತನ್ನು ನಂಬಿ ಮೊದಲು ನಾನೇ ಕೈಯಾಡಿಸಿ, ಆಮೇಲೆ ಒಂದು ಗ್ಯಾರೇಜಿನವರ ಕೈಗೂ ಕೊಟ್ಟು, ಎರಡು ಸಾವಿರದೊಳಗೆ ಮುಗಿಯಬಹುದಾಗಿದ್ದ ಕೆಲಸಕ್ಕೆ 11,600 ರೂಪಾಯಿ ತೆತ್ತಿದ್ದೇನೆ.

ನನ್ನದು ಒಂಬತ್ತು ವರ್ಷ ಹಳೆಯ, 52,000 ಕಿಲೋಮೀಟರ್ ಓಡಿದ 150 ಸಿಸಿ ಬೈಕು. ವಾರಕ್ಕೊಮ್ಮೆ ತುಮಕೂರಿನಿಂದ ಅರಸೀಕೆರೆಗೆ ಹೋಗಿಬರುವುದು ಅದರ ಮುಖ್ಯ ಕೆಲಸ. ಕಳೆದ ಚಳಿಗಾಲದಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಎಡಬದಿಯಿಂದ, ತಗಡಿನ ಡಬ್ಬಿಯೊಳಗೆ ಸಣ್ಣ ಸರಪಳಿ ಹಾಕಿ ಅಲ್ಲಾಡಿಸಿದಂಥ ಸದ್ದು ಶುರುವಾಯಿತು. ಎಂಜಿನ್ ಬಿಸಿಯಾದ ಮೇಲೆ ಅದು ಕಡಿಮೆಯಾಗುತ್ತಿತ್ತು. ಆದರೆ ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಕೇಳಿಸುತ್ತಿತ್ತು. ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸದ್ದಾಗಿದ್ದರೆ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬರುತ್ತದೆ. ಇದು ಹಾಗಿರಲಿಲ್ಲ.

ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು ತಿರುಗಬೇಕು. ಆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಟೈಮಿಂಗ್ ಚೈನು. ಓಡಿದಷ್ಟೂ ಅದು ಸವೆದು ಉದ್ದವಾಗುತ್ತದೆ. ಆ ಸಡಿಲನ್ನು ಹೀರಿಕೊಳ್ಳಲು ಒಂದು ಗೈಡ್ ಪಟ್ಟಿ ಚೈನಿಗೆ ಒರಗಿಕೊಂಡಿರುತ್ತದೆ, ಅದನ್ನು ಹಿಂದಿನಿಂದ ಟೆನ್ಷನರಿನ ಕಡ್ಡಿ ಒತ್ತುತ್ತಿರುತ್ತದೆ. ನನ್ನ ಬೈಕಿನಲ್ಲಿರುವುದು ತಾನೇ ಬಿಗಿಯಾಗುವ ಬಗೆಯದು: ಒಳಗೆ ಸ್ಪ್ರಿಂಗ್, ಕಡ್ಡಿಯ ಮೇಲೆ ಗರಗಸದಂಥ ಹಲ್ಲುಗಳು, ಆ ಹಲ್ಲುಗಳನ್ನು ಹಿಡಿಯುವ ಒಂದು ಪುಟ್ಟ ಕೊಕ್ಕೆ. ಕಡ್ಡಿ ಮುಂದಕ್ಕೆ ಹೋಗಬಲ್ಲದು, ಹಿಂದಕ್ಕೆ ಬರಲಾರದು. ನನಗೆ ಅಂದು ಗೊತ್ತಿಲ್ಲದೆ ಹೋದದ್ದು ಇದೊಂದೇ ಸಂಗತಿ, ಉಳಿದ ಅನಾಹುತವೆಲ್ಲ ಇಲ್ಲಿಂದಲೇ ಹೊರಟಿತು.

ಒಂದು ಭಾನುವಾರ 10 ನಂಬರ್ ಸ್ಪ್ಯಾನರ್ ಹಿಡಿದು, ಟೆನ್ಷನರನ್ನು ಪಿಸ್ಟನ್ ಓಡಾಡುವ ಬೋರ್ ಬ್ಲಾಕಿಗೆ ಹಿಡಿದಿಟ್ಟಿರುವ ಎರಡು ಬೋಲ್ಟುಗಳನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿದೆ. ಸಡಿಲಿಸಿದರೆ ಸ್ಪ್ರಿಂಗ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ ಎಂಬುದು ನನ್ನ ತರ್ಕವಾಗಿತ್ತು. ತರ್ಕಕ್ಕೆ ಪೂರ್ತಿ ಬುಡವಿಲ್ಲದೆ ಇಲ್ಲ: 1970ರ ದಶಕದ ಕೆಲವು ಹೋಂಡಾ ಸಿಬಿ ಬೈಕುಗಳಲ್ಲಿ ಲಾಕ್ ನಟ್ ಸಡಿಲಿಸಿ, ಸ್ಪ್ರಿಂಗ್ ತಾನೇ ಕಡ್ಡಿಯನ್ನು ದೂಡಲು ಬಿಟ್ಟು, ಮತ್ತೆ ಬಿಗಿ ಮಾಡುವುದೇ ಸರಿಯಾದ ಕ್ರಮ. ಆದರೆ ಹಲ್ಲಿನ ಟೆನ್ಷನರಿನಲ್ಲಿ ಹಾಗಲ್ಲ. ಬಾಡಿ ಎರಡು ಮಿಲಿಮೀಟರ್ ಹಿಂದೆ ಸರಿದರೆ ಕಡ್ಡಿ ಅಷ್ಟೇ ಮುಂದೆ ಬಂದು, ಕೊಕ್ಕೆ ಮುಂದಿನ ಹಲ್ಲನ್ನು ಹಿಡಿದುಬಿಡುತ್ತದೆ. ಆಮೇಲೆ ಬೋಲ್ಟ್ ಬಿಗಿ ಮಾಡಿದಾಗ ಹಿಂದಕ್ಕೆ ಹೋಗಲು ದಾರಿಯಿಲ್ಲದ ಆ ಕಡ್ಡಿಯನ್ನು ನಾವೇ ಚೈನಿನ ಮೇಲೆ ಬಲವಂತವಾಗಿ ಅದುಮಿದಂತಾಗುತ್ತದೆ. ಬೋಲ್ಟುಗಳನ್ನು ಅರ್ಧ ಬಿಚ್ಚಿ ಮತ್ತೆ ಬಿಗಿ ಮಾಡಕೂಡದು, ಒಮ್ಮೆ ಸಡಿಲಿಸಿದರೆ ಟೆನ್ಷನರನ್ನು ಪೂರ್ತಿ ಹೊರತೆಗೆದು ಕಡ್ಡಿಯನ್ನು ಒಳಕ್ಕೆ ಕೂರಿಸಿಯೇ ಮತ್ತೆ ಹಾಕಬೇಕು ಎಂದು ಕವಾಸಾಕಿಯ ಸರ್ವಿಸ್ ಪುಸ್ತಕಗಳಲ್ಲಿ ಎಚ್ಚರಿಕೆಯೇ ಇದೆ. ನಾನು ಅದನ್ನು ಓದಿದ್ದು ಎಂಜಿನ್ ಬಿಚ್ಚಿಸಿದ ಮೇಲೆ.

ಸದ್ದು ಅರ್ಧಕ್ಕಿಳಿಯಿತು. ಉಳಿದ ಅರ್ಧವನ್ನು ಇಳಿಸಲು ನಮ್ಮ ಬಡಾವಣೆಯ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಅವರು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಮೇಲೆ ಕೈ ಪಳಗಿಸಿಕೊಂಡವರು. ಆ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಟೈಮಿಂಗ್ ಚೈನಂತೂ ಇಲ್ಲವೇ ಇಲ್ಲ. ಅವರ ಕೈಚಳಕದ ಬಗ್ಗೆ ನನಗೆ ಈಗಲೂ ಗೌರವವಿದೆ. "ಇದಕ್ಕೆಲ್ಲ ಹೊಸ ಕಿಟ್ ಯಾಕೆ ಸಾರ್, ಸ್ಪ್ರಿಂಗಿಗೊಂದು ವಾಷರ್ ಕೊಟ್ಟರೆ ಆಯ್ತು" ಎಂದು, ಟೆನ್ಷನರಿನ ನಡುವಿನ ಬೋಲ್ಟ್ ಬಿಚ್ಚಿ, ಸ್ಪ್ರಿಂಗಿನ ಹಿಂದೆ ಎರಡು ವಾಷರ್ ಕೂರಿಸಿ, ಹತ್ತೇ ನಿಮಿಷದಲ್ಲಿ ಬೈಕನ್ನು ಕೈಗಿತ್ತರು. 150 ರೂಪಾಯಿ ಕೊಟ್ಟೆ. ಎಂಜಿನ್ ಹೊಲಿಗೆ ಯಂತ್ರದಂತೆ ನುಣ್ಣಗೆ ಓಡುತ್ತಿತ್ತು, ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಎಂಜಿನ್ ನುಣ್ಣಗೆ ಓಡುತ್ತಿತ್ತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಗರಗರದ ಜಾಗದಲ್ಲಿ, ವೇಗ ಏರಿದಂತೆ ಸಣ್ಣಗೆ ಏರುವ ಒಂದು ಕುಂಯ್ ಎಂಬ ದನಿ ಬಂದು ಕೂತಿತ್ತು. ಚೈನು ಅತಿ ಬಿಗಿಯಾಗಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಬಿಸಿಯೇರಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬ್ಲಾಕು ಮತ್ತು ಅದರ ಮೇಲೆ ಕೂರುವ ಹೆಡ್ಡು ಅಲ್ಯೂಮಿನಿಯಂ, ಚೈನು ಉಕ್ಕು. ಅಂದರೆ ತಣ್ಣಗಿರುವಾಗಲೇ ಒಂದಿಷ್ಟೂ ಸಡಿಲಿಲ್ಲದಂತೆ ಬಿಗಿ ಮಾಡಿದ ಚೈನು, ತಿಪಟೂರಿನ ಬಿಸಿಲಿನಲ್ಲಿ ನೂರು ಕಿಲೋಮೀಟರ್ ಓಡುವ ಹೊತ್ತಿಗೆ ಇನ್ನೂ ಬಿಗಿಯಾಗುತ್ತದೆ. ಬೆಳಗಿನ ಎರಡು ಮೂರು ಸೆಕೆಂಡಿನ ಸಣ್ಣ ಸದ್ದನ್ನು ರೋಗವೆಂದು ತಿಳಿಯಬಾರದೆಂಬುದು ಇದೇ ಕಾರಣಕ್ಕೆ.

ಹೀಗೆ ಸುಮಾರು 1,400 ಕಿಲೋಮೀಟರ್ ಓಡಿತು. ಒಂದು ಮಧ್ಯಾಹ್ನ ತಿಪಟೂರು ದಾಟಿ ಅರಸೀಕೆರೆಯ ಕಡೆ ಹೋಗುತ್ತಿರುವಾಗ, ಲಾರಿಯೊಂದನ್ನು ದಾಟಿ ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ಒಳಗೆ ಕಟಕಟ ಎಂದು ಏನೋ ಕಡಿದಂತಾಗಿ ಎಂಜಿನ್ ನಿಂತುಹೋಯಿತು. ತೆಂಗಿನ ತೋಟದ ನೆರಳಿಗೆ ತಳ್ಳಿಕೊಂಡು ಹೋಗಿ ಕಿಕ್ಕರ್ ತುಳಿದೆ. ಕಾಲಿಗೆ ಭಾರವೇ ಸಿಗಲಿಲ್ಲ. ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತಿರುಗಿಸಿದಷ್ಟು ಹಗುರವಾಗಿ ಇಳಿಯಿತು. ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲಿನ ಒತ್ತಡ, ಹೋಗಿದೆಯೆಂದು ಗೊತ್ತಾಗಲು ಮೆಕ್ಯಾನಿಕ್ ಬೇಕಾಗಿರಲಿಲ್ಲ. ಕೊಬ್ಬರಿ ಇಳಿಸಿ ಖಾಲಿ ವಾಪಸಾಗುತ್ತಿದ್ದ ಟೆಂಪೋದವರೊಬ್ಬರು ಬೈಕನ್ನೂ ನನ್ನನ್ನೂ ಹತ್ತಿಸಿಕೊಂಡು ಅರಸೀಕೆರೆಗೆ ತಲುಪಿಸಿದರು.

ಅಲ್ಲಿನ ಮೆಕ್ಯಾನಿಕ್ ಸದ್ದು ಯಾವಾಗ ಶುರುವಾಯಿತೆಂದು ಕೇಳಲಿಲ್ಲ. "ಸದ್ದು ನಿಂತದ್ದು ಯಾವಾಗ ಸಾರ್?" ಎಂದು ಕೇಳಿದರು. ಹೆಡ್ ಬಿಚ್ಚಿದಾಗ ಕಂಡದ್ದನ್ನು ಇದ್ದಹಾಗೆ ಹೇಳುತ್ತೇನೆ. ಗೈಡ್ ಪಟ್ಟಿಯ ಮೇಲ್ಪದರದಲ್ಲಿ ಚೈನಿನ ಎರಡು ಅಂಚುಗಳು ಕೊರೆದ ಎರಡು ಗಾಲಿಜಾಡುಗಳಿದ್ದವು, ಬೆರಳಿನ ಉಗುರು ಒಳಗಿಳಿಯುವಷ್ಟು ಆಳ. ಒಂದು ಕಡೆ ಆ ಪದರವೇ ಮುರಿದು, ಕೆಳಗಿನ ಲೋಹ ಕಾಣುತ್ತಿತ್ತು. ಮುರಿದ ಚೂರುಗಳು ಕೆಳಗೆ ಆಯಿಲ್ ಜಾಲರಿಯಲ್ಲಿ ಹುರಿದ ಎಳ್ಳಿನಂತೆ ಅಂಟಿಕೊಂಡಿದ್ದವು. ಪದರ ಮುರಿದ ಕೂಡಲೇ ಚೈನಿಗೆ ಒಮ್ಮೆಲೇ ಸಡಿಲು ಸಿಕ್ಕಿ, ಅದು ಕ್ಯಾಮಿನ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿನ ಮೇಲೆ ಹಲ್ಲು ಹಾರಿತ್ತು. ಸ್ಪ್ರಾಕೆಟ್ಟಿಗೆ 34 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪೆಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 21 ಡಿಗ್ರಿ. ನನ್ನದರಲ್ಲಿ ಮೂರು ಹಲ್ಲು ಹಾರಿತ್ತು. ವಾಲ್ವುಗಳೆರಡೂ ಬಾಗಿದ್ದವು, ಪಿಸ್ಟನ್ ತಲೆಯ ಮೇಲೆ ಅವು ಬಡಿದ ಗುರುತು ಅರ್ಧಚಂದ್ರದಂತೆ ಮೂಡಿತ್ತು.

ಆ ಮೆಕ್ಯಾನಿಕ್ ಹೊಸದನ್ನು ಜೋಡಿಸಿದ ಕ್ರಮವನ್ನು ಪಕ್ಕದಲ್ಲೇ ನಿಂತು ನೋಡಿದೆ. ಅವರು ಮೊದಲು ಮ್ಯಾಗ್ನೆಟ್ ಕವರಿನ ಮುಚ್ಚಳ ತೆಗೆದು, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ, ಕಂಪ್ರೆಷನ್ನಿನ ತುದಿಯಲ್ಲಿ, ಪಿಸ್ಟನ್ ತೀರಾ ಮೇಲಿದೆ ಎಂದು ತೋರಿಸುವ 'ಟಿ' ಗುರುತನ್ನು ಕೂಡಿಸಿದರು. ಟೆನ್ಷನರಿನ ಕೊಕ್ಕೆಯನ್ನು ಬೆರಳಿನಿಂದ ಬಿಡಿಸಿ, ಕಡ್ಡಿಯನ್ನು ಪೂರ್ತಿ ಒಳಕ್ಕೆ ತಳ್ಳಿದರು. ಹೊಸ ಗ್ಯಾಸ್ಕೆಟ್ ಇಟ್ಟು ಬಾಡಿಯನ್ನು ಎರಡು ಬೋಲ್ಟುಗಳಿಂದ ಕೂರಿಸಿದ ಮೇಲೆಯೇ ಸ್ಪ್ರಿಂಗನ್ನೂ ನಡುವಿನ ಬೋಲ್ಟನ್ನೂ ಹಾಕಿದ್ದು. ಆಗ ಒಳಗೆ ಟಿಕ್ ಟಿಕ್ ಎಂದು ಕಡ್ಡಿ ತನಗೆ ಬೇಕಾದಷ್ಟೇ ಹಲ್ಲು ಮುಂದೆ ಹೋದದ್ದು ಕೇಳಿಸಿತು. ಕೊನೆಗೆ ಎಂಜಿನ್ನನ್ನು ಕೈಯಿಂದಲೇ ಮತ್ತೆ ಎರಡು ಸುತ್ತು ತಿರುಗಿಸಿ, ಗುರುತು ಅಲ್ಲೇ ಇದೆಯೆಂದು ನೋಡಿದ ಮೇಲೆ ಕಿಕ್ಕರ್ ಮುಟ್ಟಿದರು. ಟೆನ್ಷನರ್ ಹೊರಗಿರುವಾಗ ಯಾರೂ ಕಿಕ್ಕರ್ ತುಳಿಯಬಾರದು, ಗೇರಿನಲ್ಲಿಟ್ಟು ಗಾಡಿಯನ್ನು ತಳ್ಳಲೂಬಾರದು. ಹಲ್ಲು ಹಾರಲು ಅಷ್ಟು ಸಾಕು.

ಎಲ್ಲ ಬೈಕುಗಳಲ್ಲೂ ಟೆನ್ಷನರ್ ಒಂದೇ ಬಗೆಯದಲ್ಲ. ಹಳೆಯ ಸ್ಪ್ಲೆಂಡರಿನಲ್ಲಿ ಸ್ಪ್ರಿಂಗೂ ತಳ್ಳುಕಡ್ಡಿಯೂ ಎಂಜಿನ್ನಿನ ಅಡಿಯಿಂದ ಬರುತ್ತವೆ. ಇನ್ನು ಕೆಲವದರಲ್ಲಿ ಹಿಂಬದಿಯ ಸಣ್ಣ ತಿರುಪು ತೆಗೆದು, ತೆಳು ಸ್ಕ್ರೂಡ್ರೈವರಿನಿಂದ ತಿರುಗಿಸಿ ಕಡ್ಡಿಯನ್ನು ಹಿಂದಕ್ಕೆಳೆಯಬೇಕು. ಕೈಯಿಂದ ಬಿಗಿ ಮಾಡುವ ಬೋಲ್ಟಿನ ಟೆನ್ಷನರನ್ನು ಹೊರಗಿನಿಂದ ತಂದು ಹಾಕಿಸಿಕೊಳ್ಳುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಸದ್ದು ಹೋಗುವವರೆಗೂ ಸ್ಪ್ಯಾನರ್ ತಿರುಗಿಸುವ ಚಪಲ ಇರುವವರು ಅದರ ಹತ್ತಿರವೂ ಸುಳಿಯಬಾರದು. ಯಾವ ಬಗೆಯೇ ಆಗಲಿ, ಮೊದಲು ಆಯಿಲ್ ಮಟ್ಟ ನೋಡಿ, ತಣ್ಣಗಿರುವಾಗ ಟ್ಯಾಪೆಟ್ ಸಂದು ನೋಡಿಸಿ. ಕಡ್ಡಿ ಹೆಚ್ಚುಕಡಿಮೆ ತುದಿಯವರೆಗೆ ಹೊರಬಂದಿದ್ದರೆ ಚೈನಿನ ಆಯುಸ್ಸು ತೀರಿದೆ. ಆಗ ಚೈನು, ಗೈಡು, ಟೆನ್ಷನರ್ ಮೂರನ್ನೂ ಒಟ್ಟಿಗೆ ಬದಲಿಸಬೇಕು, ವಾಷರ್ ಹಾಕುವ ಮಾತೇ ಬೇಡ.

ಬೋಲ್ಟುಗಳನ್ನು ಅರ್ಧ ಬಿಚ್ಚಿ ಬಿಗಿ ಮಾಡಿದವರು ಈಗಾಗಲೇ ನಿಮ್ಮಲ್ಲಿ ಇದ್ದರೆ, ಬೈಕನ್ನು ಸ್ಟಾರ್ಟ್ ಮಾಡದೆ ಹಾಗೆಯೇ ನಿಲ್ಲಿಸಿರಿ. ಮೊದಲು ನಡುವಿನ ಬೋಲ್ಟನ್ನೂ ಸ್ಪ್ರಿಂಗನ್ನೂ ತೆಗೆದು, ಆಮೇಲೆ ಟೆನ್ಷನರನ್ನು ಪೂರ್ತಿ ಹೊರತೆಗೆದು, ಕಡ್ಡಿಯನ್ನು ಒಳಕ್ಕೆ ಕೂರಿಸಿ ಹೊಸದಾಗಿ ಹಾಕಿಸಿದರೆ, ಬಹುಶಃ ಒಂದು ಗ್ಯಾಸ್ಕೆಟ್ಟಿನ ಬೆಲೆಯಲ್ಲೇ ಪಾರಾಗುತ್ತೀರಿ.