ಮೇವು ಚೆನ್ನಾಗಿತ್ತು, ಮೈಕ್ ಬೇಡವಾಗಿತ್ತು: ತೀರ್ಥಹಳ್ಳಿ ಕಡೆಯ ಒಂದು ಧ್ಯಾನಕೂಟ

ಮೊದಲೇ ಸ್ಟಾರ್ ಕೊಟ್ಟುಬಿಡುತ್ತೇನೆ. ವಾರಾಂತ್ಯದ ಈ ಕಥೋಲಿಕ ಧ್ಯಾನಕೂಟಕ್ಕೆ ಐದಕ್ಕೆ ನಾಲ್ಕು. ಕಡಿತವಾದ ಒಂದು ಸ್ಟಾರ್ ಪೂರ್ತಿ ಶನಿವಾರ ರಾತ್ರಿಯ ಲೆಕ್ಕಕ್ಕೆ. ಜಾಗದ ಹೆಸರು ಬರೆಯುತ್ತಿಲ್ಲ. ಬೆರಳೆಣಿಕೆಯಷ್ಟು ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಕಷ್ಟಪಟ್ಟು ನಡೆಸುವ ಮನೆ, ನನ್ನ ದೂರು ಅವರ ತಲೆಗೆ ಬರುವುದು ಬೇಡ. ತೀರ್ಥಹಳ್ಳಿ ಕಡೆ, ಅಡಿಕೆ ತೋಟ ದಾಟಿ ಗುಡ್ಡ ಹತ್ತಿದರೆ ಸಿಗುವ ಹೆಂಚಿನ ಮನೆ, ಅಷ್ಟು ಸಾಕು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ ಭಾನುವಾರದ ಪೂಜೆಗೆ ಹೋದರೆ ಪ್ರಬೋಧನೆಯ (ಉಪದೇಶದ) ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ. ಜಪಸರ ಬಾಯಲ್ಲಿ ಓಡುತ್ತದೆ, ಒಳಗೆ ಇಳಿಯುವುದಿಲ್ಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಒಂದು ವಾರಾಂತ್ಯವಾದರೂ ಹೋಗಿ ಬಾ ಅಂತ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರ ಹೆಂಡತಿ ಹಿಂದೆ ಬಿದ್ದರು. ಡ್ಯೂಟಿ ಅದಲುಬದಲು ಮಾಡಿಕೊಂಡು ಹೊರಟೆ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ, ಊಟ ವಸತಿ ಸೇರಿ ತಲೆಗೆ ಒಂಬೈನೂರು ರೂಪಾಯಿ. ಕೊಡಲಾಗದವರಿಗೆ ಕಡಿಮೆ ಮಾಡುತ್ತಾರೆ, ಯಾರ ಎದುರಿಗೂ ಕೇಳುವುದಿಲ್ಲ.

ವಸತಿ ಚೆನ್ನಾಗಿದೆ. ಕೋಣೆಗೆ ಇಬ್ಬರು, ಹಾಸಿಗೆ ಗಟ್ಟಿ, ಹೊದಿಕೆ ಒಗೆದದ್ದು. ನರ್ಸ್ ಕಣ್ಣಿಗೆ ಮೊದಲು ಕಾಣುವುದು ಬಚ್ಚಲು. ಸ್ವಚ್ಛವಾಗಿತ್ತು. ಬೆಳಗ್ಗೆ ಹಂಡೆಯಲ್ಲಿ ಬಿಸಿನೀರು, ಸೌದೆ ಒಲೆ. ಮೊಬೈಲ್ ನೆಟ್‌ವರ್ಕ್ ಇಲ್ಲ, ಅದನ್ನೂ ಸೌಲಭ್ಯದ ಪಟ್ಟಿಗೇ ಸೇರಿಸಬಹುದು.

ಊಟದ ಬಗ್ಗೆ ಎರಡು ಮಾತು ಜಾಸ್ತಿ ಬರೆಯಬೇಕು. ಶುಕ್ರವಾರ ರಾತ್ರಿ ಗಂಜಿ, ಹುರುಳಿಕಾಳು ಪಲ್ಯ, ಮಿಡಿ ಉಪ್ಪಿನಕಾಯಿ. ತಪಸ್ಸು ಕಾಲದ ಶುಕ್ರವಾರ ಮಾಂಸ ಇಲ್ಲ, ಗೊತ್ತಲ್ವಾ. ಶನಿವಾರ ಬೆಳಗ್ಗೆ ಕಡುಬು, ಕಾಯಿ ಚಟ್ನಿ. ಭಾನುವಾರ ಮಾತ್ರ ಅಕ್ಕಿ ರೊಟ್ಟಿ, ನಾಟಿಕೋಳಿ ಸಾರು. ನನ್ನ ಪಕ್ಕ ಕೂತಿದ್ದವರೊಬ್ಬರು ತಪಸ್ಸು ಕಾಲದಲ್ಲಿ ಕೋಳಿಯಾ ಅಂತ ಮುಖ ಸಿಂಡರಿಸಿದರು. ಬಡಿಸುತ್ತಿದ್ದ ಸಿಸ್ಟರ್ ಸೌಟು ನಿಲ್ಲಿಸದೆಯೇ, 'ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ, ನಲವತ್ತು ದಿನ ಎಣಿಸುವಾಗ ಭಾನುವಾರ ಬಿಟ್ಟೇ ಎಣಿಸೋದು, ತಟ್ಟೆ ಹಿಡೀರಿ' ಅಂದರು. ಅವರು ಹಿಡಿದರು. ಮತ್ತೊಮ್ಮೆಯೂ ಹಿಡಿದರು.

ಬಂದಿದ್ದವರ ಸಂತೆಯೇ ಒಂದು ಚಂದ. ನಮ್ಮ ಕೊಂಕಣಿಯವರು ಜಾಸ್ತಿ. ಭದ್ರಾವತಿಯಿಂದ ತಮಿಳು ಅಕ್ಕಂದಿರ ಒಂದು ಗುಂಪು. ಅವರಲ್ಲೊಬ್ಬರ ಅಜ್ಜ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನಿಂತವರಂತೆ. ಎನ್.ಆರ್. ಪುರದ ಕಡೆಯಿಂದ ರಬ್ಬರ್ ತೋಟದ ಮಲಯಾಳಿ ದಂಪತಿ. ಅವರದು ಕೇರಳ ಮೂಲದ ಕಥೋಲಿಕರ ಸಿರೋ ಮಲಬಾರ್ ಸಭೆ, ಅವರಿಗೆ 2007ರಲ್ಲಿ ಭದ್ರಾವತಿಯಲ್ಲೇ ಬೇರೆ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಗಿದೆ. ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಪ್ರೊಟೆಸ್ಟೆಂಟರ ಸಿ.ಎಸ್.ಐ. ಸಭೆಯ ಒಬ್ಬ ನಿವೃತ್ತ ಮೇಷ್ಟ್ರೂ ಇದ್ದರು, ಯಾರೂ ಯಾಕೆ ಬಂದಿರಿ ಅಂತ ಕೇಳಲಿಲ್ಲ. ಜಪಸರ ಅವರವರ ಭಾಷೆಯಲ್ಲಿ, ಜಗಳ ಮತ್ತು ಪ್ರಬೋಧನೆ ಕನ್ನಡದಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ, ಅಂದರೆ 1960ರ ದಶಕದವರೆಗೆ, ನಮ್ಮ ಲ್ಯಾಟಿನ್ ಕ್ರಮದವರ ಪೂಜೆ ಲ್ಯಾಟಿನ್‌ನಲ್ಲೇ ಇತ್ತು. ನನ್ನ ಅಜ್ಜಿ ಅರ್ಥ ಗೊತ್ತಿಲ್ಲದೆಯೇ ಅದನ್ನು ಬಾಯಿಪಾಠ ಹೇಳುತ್ತಿದ್ದರು.

ಈಗ ಅಸಲು ವಿಷಯ. ಪ್ರಬೋಧನೆ ಕೊಟ್ಟ ಫಾದರ್ ಚಿತ್ರದುರ್ಗ ಕಡೆಯವರು. ಭಕ್ತರು ಕುರಿ, ಗುರು ಕುರುಬ ಅನ್ನುವ ಚರ್ಚಿನ ಮಾತನ್ನು ನಾವು ಮಲೆನಾಡಿನವರು ಹುಟ್ಟಿದಾಗಿನಿಂದ ಕೇಳಿದ್ದೇವೆ, ಕುರಿ ಮಾತ್ರ ಸರಿಯಾಗಿ ನೋಡಿಲ್ಲ. ನಮ್ಮ ಮಳೆಗೆ ಕುರಿಯ ಗೊರಸು ಕೊಳೆಯುತ್ತದೆ, ಇಲ್ಲಿ ಯಾರು ಸಾಕುತ್ತಾರೆ? ಈ ಫಾದರ್ ಬಾಲ್ಯದಲ್ಲಿ ಮಂದೆಯ ಜೊತೆ ತಿರುಗಿದವರು. ಸುಗ್ಗಿ ಮುಗಿದ ಗದ್ದೆಯಲ್ಲಿ ರಾತ್ರಿ ಮಂದೆ ಕಟ್ಟುವುದು, ಗೊಬ್ಬರಕ್ಕಾಗಿ ರೈತರು ದವಸ ಕೊಡುವುದು, ಎಲ್ಲ ಹೇಳಿದರು. ಆಮೇಲೆ ಸಂಜೆಯ ಕೆಲಸ. ಕತ್ತಲಾಗುವ ಮುಂಚೆ ಕುರಿಗಾಹಿ ಒಂದೊಂದನ್ನೂ ಮುಟ್ಟಿ ನೋಡುತ್ತಾನೆ. ಗೊರಸಿನಲ್ಲಿ ಮುಳ್ಳು ಇದೆಯಾ, ಕಿವಿಯಲ್ಲಿ ರಕ್ತ ಹೀರುವ ಉಣುಗು ಹತ್ತಿದೆಯಾ, ಮರಿಗೆ ತಾಯಿ ಹಾಲು ಕೊಡುತ್ತಿದ್ದಾಳಾ. ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿಗೆ ಒಗ್ಗಿಸಬೇಕು, ಅದು ಒದೆಯುತ್ತದೆ, ಹಿಡಿದುಕೊಂಡು ಕೂರಬೇಕು. 'ಎಣಿಸೋದೇ ಇಲ್ಲ ನಮ್ಮಪ್ಪ' ಅಂದರು, 'ಮುಖ ನೋಡಿದ್ರೆ ಯಾವುದು ಬಂದಿಲ್ಲ ಅಂತ ಗೊತ್ತಾಗ್ತಿತ್ತು.' ಇಷ್ಟು ಹೇಳಿ ನೂರರಲ್ಲಿ ಒಂದು ಕುರಿ ಕಳೆದುಹೋದ ಸಾಮತಿಯನ್ನು, ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಓದಿದರು. ವ್ಯಾಖ್ಯಾನ ಮಾಡಲಿಲ್ಲ. ಕೂತುಕೊಂಡರು.

ಮಧ್ಯಾಹ್ನ ಬೈಬಲಿನ ಪ್ರವಾದಿ ಯೆಹೆಜ್ಕೇಲನ ಗ್ರಂಥದ 34ನೇ ಅಧ್ಯಾಯ. ಕುರಿಯ ಹಾಲು ಕುಡಿದು, ಉಣ್ಣೆ ಹೊದ್ದು, ಕೊಬ್ಬಿದ್ದನ್ನು ಕೊಯ್ದು ತಿಂದು, ಮಂದೆಯನ್ನು ಮೇಯಿಸದ ಕುರುಬರ ಮೇಲೆ ದೇವರು ಸಿಟ್ಟಾಗುವ ಭಾಗ. ಬಲಹೀನಕ್ಕೆ ಬಲ ಕೊಡಲಿಲ್ಲ, ರೋಗಿಗೆ ಮದ್ದು ಮಾಡಲಿಲ್ಲ, ಮುರಿದದ್ದಕ್ಕೆ ಕಟ್ಟು ಹಾಕಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ. ನಾನು ಪೆನ್ ತೆಗೆದೆ. ನಮ್ಮ ವಾರ್ಡಿನ ಡ್ಯೂಟಿ ಪುಸ್ತಕದ ಹಾಗೆಯೇ ಇದೆ, ಮಾಡಿದ್ದಕ್ಕೆ ಟಿಕ್ ಹಾಕಬೇಕು. ಫಾದರ್ ಇದನ್ನು ನಮ್ಮ ಮೇಲೆ ತಿರುಗಿಸಲಿಲ್ಲ, ತಮ್ಮ ಮೇಲೆಯೇ, ತಮ್ಮಂಥ ಗುರುಗಳ ಮೇಲೆಯೇ ಹಾಕಿಕೊಂಡರು. 1983ರ ಧರ್ಮಸಭೆಯ ಕಾನೂನಿನಲ್ಲಿ 529ನೇ ನಿಯಮ ಒಂದಿದೆಯಂತೆ. ಧರ್ಮಕೇಂದ್ರದ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ, ಗುರು ತನ್ನ ಜನರನ್ನು ಗುರುತಿಸಿ ತಿಳಿದಿರಬೇಕು, ಮನೆಗಳಿಗೆ ಹೋಗಬೇಕು, ದುಃಖದಲ್ಲಿ ಜೊತೆ ಇರಬೇಕು, ರೋಗಿಗಳನ್ನು ನೋಡಿಕೊಳ್ಳಬೇಕು, ಬಡವರು ಒಂಟಿಯಾದವರನ್ನು ಹುಡುಕಿಕೊಂಡು ಹೋಗಬೇಕು ಅಂತ ಅದರಲ್ಲಿದೆ. ಇಷ್ಟು ವರ್ಷ ಇದು ಗುರುಗಳ ಒಳ್ಳೆಯತನಕ್ಕೆ ಬಿಟ್ಟ ವಿಷಯ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಕಾನೂನು.

ನನಗೆ ಇದು ಯಾಕೆ ತಾಗಿತು ಅಂದರೆ, ಹಿಂದೆ ನಾವಿದ್ದ ಒಂದು ಊರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಗ ಮನೆಗೆ ಪರಮಪ್ರಸಾದ ತನ್ನಿ ಅಂತ ಹೇಳಿ ಹೇಳಿ ಸಾಕಾಗಿತ್ತು. ಚರ್ಚಿನ ಹಬ್ಬದ ಚಂದಾ ರಸೀದಿ ಪುಸ್ತಕ ಮಾತ್ರ ತಪ್ಪದೆ ಬಾಗಿಲಿಗೆ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಮಲೆನಾಡಿನಲ್ಲಿ ಒಬ್ಬ ಗುರುವಿಗೆ ಒಂದೇ ಊರಲ್ಲ. ಗುಡ್ಡಕ್ಕೊಂದು ಮನೆ, ಮಳೆಗಾಲದಲ್ಲಿ ರಸ್ತೆ ಇರುವುದಿಲ್ಲ, ಜೊತೆಗೆ ಶಾಲೆಯ ಆಡಳಿತವೂ ಅವರದೇ. ಆದರೂ.

ಶನಿವಾರ ಬೆಳಗ್ಗೆ ಅರ್ಧ ದಿನ ಮೌನ. ಇದು ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರ ಧ್ಯಾನಕ್ರಮದಿಂದ ಬಂದದ್ದು. ಪೂರ್ತಿ ಮಾಡಿದರೆ ಸುಮಾರು ಮೂವತ್ತು ದಿನ, ನಾಲ್ಕು ವಾರ ಅಂತ ವಿಂಗಡಣೆ. ಪೋಪ್ ಮೂರನೇ ಪೌಲ್ 1548ರಲ್ಲಿ ಒಪ್ಪಿಗೆ ಕೊಟ್ಟ ಕ್ರಮ. ಮೂವತ್ತು ದಿನ ರಜೆ ಕೇಳಿದರೆ ನಮ್ಮ ಮೇಲಧಿಕಾರಿ ನನ್ನನ್ನೇ ರೋಗಿಯಾಗಿ ಅಡ್ಮಿಟ್ ಮಾಡಿಸುತ್ತಾರೆ. ಆದರೆ ಕೆಲಸಕ್ಕೆ ಹೋಗುವವರು ದಿನಕ್ಕೆ ಒಂದೂವರೆ ಗಂಟೆ ಕೊಟ್ಟು ಮನೆಯಲ್ಲೇ ಇದನ್ನು ಮಾಡಬಹುದು ಅಂತ ಇಗ್ನೇಷಿಯಸರೇ ಬರೆದಿದ್ದಾರಂತೆ. ಕಲಿಸುವವನು ನಡುವೆ ನಿಂತು ಎಳೆದಾಡಬಾರದು, ದೇವರು ಮತ್ತು ಆ ವ್ಯಕ್ತಿ ನೇರವಾಗಿ ವ್ಯವಹರಿಸಲಿ ಅಂತಲೂ ಇದೆಯಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಅಲ್ಲಿನ ಹಿರಿಯ ಸಿಸ್ಟರ್. ಈ ಮನೆಯ ನಿಜವಾದ ಸೇವೆ ಇವರೇ. ಯಾರು ಬೇಕಾದರೂ ಹೋಗಿ ಮಾತಾಡಬಹುದು. ಅಡುಗೆಮನೆ ಹಿಂದೆ ಸಣ್ಣ ಕೋಣೆ, ಎರಡು ಬೆತ್ತದ ಕುರ್ಚಿ. ಗಡಿಯಾರವನ್ನು ಬಂದವರ ಬೆನ್ನ ಹಿಂದಿನ ಗೋಡೆಗೆ ಹಾಕಿದ್ದಾರೆ. ಸಿಸ್ಟರ್‌ಗೆ ಸಮಯ ಕಾಣುತ್ತದೆ, ನಮಗೆ ಕಾಣುವುದಿಲ್ಲ. ನಮ್ಮ ಓ.ಪಿ.ಡಿ.ಗೆ ಬರುವ ಡಾಕ್ಟರುಗಳು ವಾಚ್ ನೋಡಿಕೊಳ್ಳುವ ರೀತಿಗೆ ನಾನು ಒಗ್ಗಿಹೋಗಿದ್ದೇನೆ, ಆ ಗಡಿಯಾರ ಹಾಕಿದವರ ಬುದ್ಧಿಗೆ ಕೈ ಮುಗಿಯಬೇಕು. ಸಿಸ್ಟರ್ ಮಡಿಲಲ್ಲಿ ಮೊರ ಇಟ್ಟುಕೊಂಡು ಕಾಳುಮೆಣಸು ಬಿಡಿಸುತ್ತಿದ್ದರು. ನನ್ನ ಕಡೆಗೂ ಒಂದು ಹಿಡಿ ಗೊಂಚಲು ತಳ್ಳಿದರು. ಕೈಗೆ ಕೆಲಸ ಇದ್ದರೆ ಬಾಯಿ ಬೇಗ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅವರಿಗೆ ಗೊತ್ತು. ನಾನು ಸುಮ್ನೆ ವಾರ್ಡಿನ ಕಥೆ ಹೇಳುತ್ತಾ ಹೋದೆ. ಬಹಳ ಹೊತ್ತಿನ ಮೇಲೆ ಕೇಳಿದರು, 'ನಿನಗೆ ಊಟ ಆಯ್ತಾ ಅಂತ ಕೇಳೋರು ಯಾರಿದ್ದಾರೆ?' ಉತ್ತರ ಬರಲಿಲ್ಲ. ಅವರೂ ಒತ್ತಾಯಿಸಲಿಲ್ಲ.

ಆಮೇಲೆ ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯ ತೆಗೆದುಕೊಟ್ಟರು. ಶಿಷ್ಯ ಪೇತ್ರನನ್ನು ಯೇಸು ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿ, ಕುರಿಗಳನ್ನು ಮೇಯಿಸು ಅನ್ನುವ ಭಾಗ. ಸಿಸ್ಟರ್ ತೋರಿಸಿದ್ದು ಅದಕ್ಕಿಂತ ಮುಂಚಿನ ಸಾಲುಗಳನ್ನು. ರಾತ್ರಿಯಿಡೀ ಬಲೆ ಬೀಸಿ ಸುಸ್ತಾದ ಶಿಷ್ಯರಿಗೆ ದಡದಲ್ಲಿ ಕೆಂಡ, ಮೀನು, ರೊಟ್ಟಿ ರೆಡಿ ಇದೆ. ಮೊದಲು ತಿನ್ನಿ ಅನ್ನುತ್ತಾರೆ ಯೇಸು. ಊಟ ಮುಗಿದ ಮೇಲೆಯೇ ಪೇತ್ರನಿಗೆ ಪ್ರಶ್ನೆ, ಕೆಲಸ ಎಲ್ಲ. ನೈಟ್ ಡ್ಯೂಟಿ ಮುಗಿಸಿದವಳಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಯಾಕೆ ಬೇಕು? ಡ್ಯೂಟಿ ಇದ್ದ ದಿನ ಒಂದೂವರೆ ಗಂಟೆಯ ಆಸೆ ಬೇಡ, ಹತ್ತು ನಿಮಿಷ, ಒಂದೇ ಸಣ್ಣ ಭಾಗ, ನಿದ್ದೆ ಬಂದರೆ ಮಲಗು ಅಂದರು. ಇಂಥ ಡೋಸ್ ಬರೆದುಕೊಡುವವರು ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಈಗ ಕಡಿತವಾದ ಸ್ಟಾರ್. ಶನಿವಾರ ರಾತ್ರಿ ಆರಾಧನೆ, ಗುಣವಾಗುವ ಪ್ರಾರ್ಥನೆ. ಹೊರಗಿನಿಂದ ಒಂದು ತಂಡ ಬಂದಿತ್ತು. ಪುಟ್ಟ ಪ್ರಾರ್ಥನಾಲಯಕ್ಕೆ ಮದುವೆ ಮನೆಯ ಸ್ಪೀಕರ್. ಹಾಡು ಚೆನ್ನಾಗಿಯೇ ಇತ್ತು, ಕಿವಿ ಉಳಿಯಲಿಲ್ಲ. ಜೋರು ಪ್ರಾರ್ಥನೆ ತಪ್ಪು ಅಂತ ನಾನು ಹೇಳುವುದಿಲ್ಲ, ಮುಲ್ಕಿಯ ಧ್ಯಾನಕೇಂದ್ರಕ್ಕೋ ಕೇರಳದ ಪೋಟ್ಟಾಗೋ ಹೋಗಿ ಬದುಕು ಬದಲಾಗಿ ಬಂದವರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ತಕರಾರು ಬೇರೆ. ಸಾಕ್ಷ್ಯ ಹೇಳಲು ಎದ್ದವರೊಬ್ಬರು ಬಿ.ಪಿ. ಮಾತ್ರೆ ಬಿಟ್ಟೆ, ದೇವರೇ ನೋಡಿಕೊಂಡ ಅಂದರು. ಜನ ಚಪ್ಪಾಳೆ ತಟ್ಟಿದರು. ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಂಡು ಬಂದವರ ಹಾಸಿಗೆ ಪಕ್ಕ ನಿಲ್ಲುವವಳು ನಾನು. ಎದ್ದು ಹೊರಗೆ ಹೋದೆ, ಉಸ್ತುವಾರಿ ಫಾದರ್ ಹತ್ತಿರ ನೇರವಾಗಿ ಹೇಳಿದೆ. ಅವರು ವಾದ ಮಾಡಲಿಲ್ಲ. ಭಾನುವಾರ ಪೂಜೆಯಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ತಿಳಿಸಿದರು. ಗುಣವಾಗುವ ಪ್ರಾರ್ಥನೆಗಳ ಬಗ್ಗೆ ವ್ಯಾಟಿಕನ್ 2000ನೇ ಇಸವಿಯಲ್ಲೇ ಸೂಚನೆ ಹೊರಡಿಸಿದೆ, ನಾಟಕೀಯತೆ ಉನ್ಮಾದ ಬೇಡ, ಪ್ರಾರ್ಥನೆ ಅಂದರೆ ಔಷಧಿ ಬಿಡುವುದು ಅಂತಲ್ಲ ಅಂತ ಅದರಲ್ಲಿದೆ, ಮನೆಗೆ ಹೋಗಿ ಎಲ್ಲರೂ ನಿಮ್ಮ ಮಾತ್ರೆ ತೆಗೆದುಕೊಳ್ಳಿ ಅಂದರು. ಇದಕ್ಕೆ ಅರ್ಧ ಸ್ಟಾರ್ ವಾಪಸ್ ಕೊಡುವ ಮನಸ್ಸಾಯಿತು. ಆದರೆ ಶನಿವಾರ ರಾತ್ರಿ ಇದ್ದು ಭಾನುವಾರ ಬೆಳಗ್ಗೆಯೇ ಬಸ್ ಹತ್ತಿದವರೂ ಇದ್ದರಲ್ಲ, ಅವರ ಕಿವಿಯಲ್ಲಿ ಉಳಿದದ್ದು ಚಪ್ಪಾಳೆ.

ಇನ್ನೊಂದು ಕೊರತೆ. ಎಲ್ಲರ ಫೋನ್ ನಂಬರ್ ಬರೆಸಿಕೊಂಡರು. ಯಾರಾದರೂ ಫೋನ್ ಮಾಡುತ್ತಾರೆ ಅಂದುಕೊಂಡರೆ, ವಾಟ್ಸಾಪ್ ಗುಂಪಿಗೆ ಸೇರಿಸಿ ದಿನಾ ಬೆಳಗ್ಗೆ ಗುಲಾಬಿ ಹೂವಿನ ಜೊತೆ ಬೈಬಲಿನ ಒಂದು ವಚನ ಕಳಿಸುತ್ತಿದ್ದಾರೆ. ನನ್ನ ಕೋಣೆಯಲ್ಲಿದ್ದ ಹುಡುಗಿ ಎರಡು ರಾತ್ರಿಯೂ ಅತ್ತಿದ್ದಳು. ಅವಳಿಗೂ ಅದೇ ಗುಲಾಬಿ. ಮೇಯಿಸುವುದು ಮುಗಿದ ಮೇಲೆ ಕಾಯುವುದು ಯಾರು? ಸಿಸ್ಟರ್‌ಗಳನ್ನೇ ದೂರಿದರೆ ತಪ್ಪಾಗುತ್ತದೆ, ಅದು ಅವರವರ ಊರಿನ ಧರ್ಮಕೇಂದ್ರದ ಕೆಲಸ, ವಾಳೆಯ ಕೆಲಸ, ನನ್ನಂಥವಳ ಕೆಲಸವೂ ಹೌದು. ಹುಡುಗಿಗೆ ನಾನೇ ಫೋನ್ ಮಾಡುತ್ತಿದ್ದೇನೆ. ಆದರೂ ಹೋಗುವಾಗ, ನಿಮ್ಮ ಫಾದರ್‌ಗೆ ನಿಮ್ಮ ಬಗ್ಗೆ ಒಂದು ಮಾತು ತಿಳಿಸಲಾ ಅಂತ ಒಪ್ಪಿಗೆ ಕೇಳುವ ಪದ್ಧತಿಯಾದರೂ ಇದ್ದರೆ ಚೆನ್ನ. ಪಾಪನಿವೇದನೆಯ ವಿಷಯವಲ್ಲ, ಅದರ ಗುಟ್ಟು ಯಾರೂ ಮುರಿಯುವ ಹಾಗಿಲ್ಲ. ಸುಮ್ನೆ, ಈ ಮನೆಗೊಮ್ಮೆ ಹೋಗಿ ಬನ್ನಿ ಅನ್ನುವಷ್ಟು.

ಹೋಗುವವರಿಗೆ ಕೆಲವು ಮಾತು. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳು ಕಾಡಿನೊಳಗೆ ಇವೆ, ನೆರಳು ತಂಪು ಎಲ್ಲ ಸರಿ, ಆದರೆ ಬೇಸಿಗೆಯಲ್ಲಿ ಅದು ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಶುರುವಾದದ್ದು ಇನ್ನೂ ನಮ್ಮನ್ನು ಬಿಟ್ಟಿಲ್ಲ. ತರಗೆಲೆ ಮೇಲೆ ಮೊಣಕಾಲೂರಬೇಡಿ, ನಿಂತೇ ಪ್ರಾರ್ಥಿಸಿ. ಕೈಕಾಲಿಗೆ ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಿಸಿ. ಗೇಟಿನ ಹತ್ತಿರ ಒಂದು ಬಾಟಲಿ ಇಡಿ ಅಂತ ಹೇಳಿ ಬಂದಿದ್ದೇನೆ, ಇಟ್ಟಿದ್ದಾರಾ ಅಂತ ಹೋದವರು ತಿಳಿಸಿ. ಮಂಡಿ ನೋವಿನವರು ಕೆಳಗಿನ ಕೋಣೆಯನ್ನು ಮೊದಲೇ ಕೇಳಿಕೊಳ್ಳಿ. ಸಿಸ್ಟರ್ ಹತ್ತಿರ ಮಾತಾಡಬೇಕಾದವರು ಶುಕ್ರವಾರವೇ ಹೆಸರು ಬರೆಸಿ, ಶನಿವಾರ ಸಂಜೆ ಹೊತ್ತಿಗೆ ಸಾಲು ಅಡುಗೆಮನೆವರೆಗೆ ಬರುತ್ತದೆ. ಮಳೆಗಾಲದಲ್ಲಿ ಮಾತು, ಮೈಕ್ ಯಾವುದೂ ಇಲ್ಲದ ಪೂರ್ತಿ ಮೌನದ ಕೂಟ ಇಡುತ್ತಾರಂತೆ. ಇಂಬಳಕ್ಕೆ ಉಪ್ಪು ಕಟ್ಟಿಕೊಂಡು ಅದಕ್ಕೆ ಹೋಗುವ ಯೋಚನೆ ಇದೆ, ರಜೆ ಅರ್ಜಿ ಕೊಟ್ಟಾಗಿದೆ.